ಮಾನಸಳ ತಲೆ ಮೇಲಿನ ಆಣೆ

ಚಿತ್ರದುರ್ಗ
ಜುಲೈ 14, 2024

ಜಯಕ್ಕನಿಗೆ ತಮ್ಮ ಯತ್ತಪ್ಪನ ನಮಸ್ಕಾರ.

ನೀನು ಹೇಳಿಕಳಿಸಿ ವಾರವಾಯಿತು, ಉತ್ತರ ತಡವಾದದ್ದಕ್ಕೆ ಕ್ಷಮಿಸು. ಸಿಟ್ಟಿತ್ತು, ಸುಳ್ಳು ಯಾಕೆ ಹೇಳಲಿ.

ಹೋದ ಭಾನುವಾರ ನಮ್ಮ ಹಟ್ಟಿಯ ಜುಂಜೇಶ ಈ ಆಸ್ಪತ್ರೆಗೆ ಜೀಪು ತಂದಿದ್ದ. ನನ್ನನ್ನು ಹರಿಯಬ್ಬೆಗೆ ಕರೆದೊಯ್ದು ಗುಡಿಯ ಮುಂದೆ ಇನ್ನೊಮ್ಮೆ ಆಣೆ ಇಡಿಸಬೇಕಂತೆ, ನೀನೇ ಕಳಿಸಿದೆಯಂತೆ. "ಆಣೆ ಇಟ್ಟೋನಿಗೆ ಮಾತ್ರೆ ಯಾಕಣ್ಣ, ನಡಿ ಹೋಗಾಣ" ಎಂದ.

ಇನ್ನೊಂದು ಆಣೆ ಬೇಕೇ ಅಕ್ಕ? ಯುಗಾದಿಯ ಮರುದಿನ ನನ್ನ ಮಗಳು ಮಾನಸಳ ತಲೆ ಮೇಲೆ ಕೈ ಇಡಿಸಿ, ಇನ್ನು ಕುಡಿಯುವುದಿಲ್ಲ ಎಂದು ಹೇಳಿಸಿದಿರಿ. ನಾನೂ ಮನಸಾರೆ ಹೇಳಿದೆ. ಆಮೇಲೆ ಹಟ್ಟಿ ಯಜಮಾನ ಸಣ್ಣತಿಮ್ಮಪ್ಪ ನನ್ನ ಮಾತ್ರೆಗಳನ್ನು ತಿಪ್ಪೆಗೆ ಎಸೆಸಿದರು. ಅವು ಕುಡಿತದ ಮಾತ್ರೆಗಳಲ್ಲ, ಕಿವಿಯಲ್ಲಿ ಯಾರೋ ಬೈಯುವ ನನ್ನ ಕಾಯಿಲೆಯವು. ಆಣೆ ಇಟ್ಟ ಮೇಲೂ ಮಾತ್ರೆ ನುಂಗಿದರೆ ದೇವರನ್ನು ನಂಬದಂತಾಯಿತು ಎಂದರು, ನೀವೆಲ್ಲ ತಲೆಯಾಡಿಸಿದಿರಿ. ಮಾತ್ರೆ ನಿಂತಿತು, ಬೈಯುವವರು ಮತ್ತೆ ಬಂದರು. ಅವರ ಬಾಯಿ ಮುಚ್ಚಿಸಲು ಕುಡಿದೆ. ಆಣೆ ಮುರಿದ ಪಾಪಿ ಎಂದು ನನ್ನನ್ನು ಹಟ್ಟಿಯ ಹೊರಗೆ ಮಲಗಿಸಿದಿರಿ.

ಕುರಿಗೆ ರೋಗ ಬಂದರೆ ಆಣೆ ಇಡಿಸುತ್ತೀರಾ? ಹೆಗಲ ಮೇಲೆ ಹೊತ್ತು ಹಿರಿಯೂರಿಗೆ ಓಡಿ ಇಂಜೆಕ್ಷನ್ ಹಾಕಿಸುತ್ತೀರಿ. ನಾನು ಕುರಿಗಿಂತ ಕಡೆಯಾದೆನೇ?

ಇಲ್ಲಿ ಸುಖವಿದೆ ಎಂದಲ್ಲ. ನಾಲಿಗೆ ಒಣಗುತ್ತದೆ, ಸಾರು ನೀರುನೀರು. ಮೊದಲ ವಾರವೇ ಬಟ್ಟೆ ಗಂಟು ಕಟ್ಟಿ ಗೇಟಿಗೆ ಹೋಗಿದ್ದೆ. ನರ್ಸ್ ನೇತ್ರಾವತಿ ಅಡ್ಡ ನಿಲ್ಲಲಿಲ್ಲ. "ಹೋಗ್ರಿ ಯತ್ತಪ್ಪ. ಆದ್ರೆ ಯಾಕೆ ಬಂದಿದ್ರಿ ಅಂತ ಒಂದ್ಮಾತು ಹೇಳಿ ಹೋಗ್ರಿ" ಎಂದರು. ಬಾಯಿ ತೆರೆದೆ, ಅಳು ಬಂತು. ಗಂಟು ಬಿಚ್ಚಿದೆ. ಈಗ ಡಾಕ್ಟರು ಕುಡಿತಕ್ಕೂ ಕಿವಿಯ ಬೈಗುಳಕ್ಕೂ ಒಟ್ಟಿಗೇ ಔಷಧಿ ಕೊಡುತ್ತಿದ್ದಾರೆ. ಬೈಗುಳ ಕಡಿಮೆಯಾಗಿದೆ, ನಿದ್ದೆ ಬರುತ್ತಿದೆ.

ಜುಂಜೇಶನ ಜೀಪು ಖಾಲಿ ಬಂದದ್ದಕ್ಕೆ ಅವನನ್ನು ಬೈಯಬೇಡ. ಡಾಕ್ಟರು ಹೋಗು ಎನ್ನುವವರೆಗೆ ನಾನು ಬರುವುದಿಲ್ಲ, ಮತ್ತೆ ಯಾರನ್ನೂ ಕಳಿಸಬೇಡ. ನಿನ್ನ ಮೊಣಕಾಲು ನೋವು ಇಳಿಯಲಿ, ಈ ಸಲದ ಮರಿಗಳೆಲ್ಲ ಉಳಿಯಲಿ.

ನಿನ್ನ ತಮ್ಮ,
ಯತ್ತಪ್ಪ

ಮರೆತ ಮಾತು: ನೇತ್ರಾವತಿಗೆ ಹೇಳಲಾಗದ್ದನ್ನು ನಿನಗೆ ಹೇಳುತ್ತೇನೆ. ನಾನು ಕುಡಿದ ವಾರ ಮಾನಸಳಿಗೆ ಜ್ವರ ಬಂದಿತ್ತಲ್ಲ, ಹಟ್ಟಿಯಲ್ಲಿ ಯಾರೋ ಅವಳಿಗೆ, "ನಿಮ್ಮಪ್ಪ ಆಣೆ ಮುರುದ್ನಲ್ಲ, ಅದಕ್ಕೇ" ಅಂದರಂತೆ. ಜ್ವರ ಇಳಿಯಿತು. ಇಲ್ಲಿಗೆ ಹೊರಟ ದಿನ ಅವಳ ತಲೆ ಸವರಲು ಕೈ ಚಾಚಿದೆ. ಮಗು ಎರಡೂ ಕೈಯಿಂದ ತಲೆ ಮುಚ್ಚಿಕೊಂಡಿತು.