ಪಕ್ಕದ ಕುರ್ಚಿಯ ಕೈ

ಅಪ್ಪಾ,

ನೀವು ಹೋದ ಮೇಲೆ ಮೊದಲ ಸಲ ನಿಮ್ಮ ಮೆಚ್ಚಿನ ಗಾಯಕಿಯ ಕಛೇರಿಗೆ ಹೋಗಿದ್ದೆ. ಪಿಯಾನೋ ಜೊತೆ ಐದು ಹಾಡುಗಳ ಗುಚ್ಛ. ಐದೂ ಮುಗಿಯುವವರೆಗೆ ಚಪ್ಪಾಳೆ ತಟ್ಟಬಾರದೆಂಬ ಅದೇ ಕಟ್ಟುಪಾಡು. ಮೊದಲ ಹಾಡು ನಿಂತಿತೋ ಇಲ್ಲವೋ, ನನ್ನ ಕೈ ತಾನಾಗಿ ಪಕ್ಕದ ಕುರ್ಚಿಯ ಹಿರಿಯರ ಮಣಿಕಟ್ಟನ್ನು ಹಿಡಿದುಬಿಟ್ಟಿತು.

"ಏನಾಯ್ತಮ್ಮಾ?" ಎಂದರು.

"ಏನಿಲ್ಲ, ಅಭ್ಯಾಸ."

ಮೊದಲೆಲ್ಲ ನಿಮಗೆ ತಡೆಯಲಾಗುತ್ತಿರಲಿಲ್ಲ. ಸಭೆಯೆಲ್ಲ ತಿರುಗಿ ನೋಡುವಂತೆ ನಡುವೆಯೇ ತಟ್ಟುತ್ತಿದ್ದಿರಿ; ನಾನು ನಿಮ್ಮ ಮಣಿಕಟ್ಟು ಹಿಡಿದು ತಡೆಯುತ್ತಿದ್ದೆ. ಬರಬರುತ್ತಾ ಹಿಡಿಯುವ ಕೆಲಸವೇ ಉಳಿಯಲಿಲ್ಲ. ಹಾಡುಗಳೆಲ್ಲ ಮುಗಿದು ಎಲ್ಲರೂ ತಟ್ಟುವಾಗಲೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, "ಈಗ ತಟ್ಟಬಹುದೇನಮ್ಮಾ?" ಎಂದು ನನ್ನ ಮುಖ ನೋಡುತ್ತಿದ್ದಿರಿ.

ಇವತ್ತು ಐದನೆಯ ಹಾಡು ಮುಗಿದಾಗ ಸಭೆಯೆಲ್ಲ ಎದ್ದು ನಿಂತಿತು. ನಾನು ಕೂತೇ ಇದ್ದೆ. ಪಾಪ, ಇವಳಿಗೆ ಗೊತ್ತಿಲ್ಲವೆಂದುಕೊಂಡು ಆ ಹಿರಿಯರು ಬಗ್ಗಿ ಮೆಲ್ಲಗೆ ಹೇಳಿದರು:

"ಈಗ ತಟ್ಟಬಹುದಮ್ಮಾ."