ತುಳಿದು ನೋಡದ ಪೆಡಲ್

ಅಡುಗೆಮನೆಯ ನೆಲದಿಂದ,
ಬುಧವಾರ ಕಳೆದಿದೆ, ಗುರುವಾರ ಇನ್ನೂ ಬೆಳಗಾಗಿಲ್ಲ

ಪ್ರೀತಿಯ ಗುಬ್ಬೀ,

ಎರಡೂಮುಕ್ಕಾಲಿಗೆ ಗುಂಯ್ ಎನ್ನುವ ಸದ್ದಿಗೆ ಎಚ್ಚರವಾಯಿತು. ಆ ಸದ್ದಿನ ಕಥೆ ಹೇಳಲೆಂದೇ ಕೂತಿದ್ದೇನೆ. ಅದಕ್ಕೂ ಮೊದಲು ನೀನು ಹೇಗಿದ್ದೀಯ ಹೇಳು. ರಾತ್ರಿ ಊಟ ಮಾಡಿದೆಯಾ, ಇಲ್ಲ ಸಿಟ್ಟಿನಲ್ಲಿ ತಟ್ಟೆ ದೂಡಿ ಮಲಗಿದೆಯಾ? ಎಡಗೈ ಬೆರಳಿನ ಗುಳ್ಳೆ ಒಡೆದಿದ್ದರೆ ಪಟ್ಟಿ ಸುತ್ತಿಕೋ, ಹಾಗೇ ಬಿಡಬೇಡ. ಇಲ್ಲಿ ಪಾಪುವಿಗೆ ಹಲ್ಲು ಬರುತ್ತಿದೆ. ಅವನಿಗೂ ನಿದ್ದೆಯಿಲ್ಲ, ನನಗೂ ಇಲ್ಲ. ನಿನ್ನ ಭಾವ ಮಾತ್ರ ಬಸ್ಸಿನ ಹಾರ್ನನ್ನು ಕಿವಿಯಲ್ಲೇ ಊದಿದರೂ ಏಳುವವರಲ್ಲ. ಫೋನಿನಲ್ಲಿ ನನ್ನ ಹೆಸರು ಕಂಡ ಕೂಡಲೇ ಕಟ್ ಮಾಡುತ್ತಿದ್ದೀಯ, ಕಳಿಸಿದ ಸಂದೇಶಗಳೂ ಓದದೆ ಬಿದ್ದಿವೆ. ತಪ್ಪೇನಿಲ್ಲ, ನಿನ್ನ ಜಾಗದಲ್ಲಿ ನಾನಿದ್ದರೂ ಅಷ್ಟೇ. ಅದಕ್ಕೇ ಈ ಕಾಗದ. ಮೊದಲ ಬಸ್ಸು ತೆಗೆಯಲು ಡಿಪೋಗೆ ಹೋಗುವ ದಾರಿಯಲ್ಲಿ ನಿನ್ನ ಭಾವ ಇದನ್ನೂ ನಿನ್ನ ಗಿಟಾರಿನ ಪೆಡಲನ್ನೂ ಹಾಸ್ಟೆಲಿನ ವಾಚ್‌ಮನ್ ಕೈಗೆ ಕೊಟ್ಟು, ನಿನ್ನನ್ನು ಎಬ್ಬಿಸಲು ಹೇಳಿ ಹೋಗುತ್ತಾರೆ.

ನಿನ್ನೆ ನಿಮ್ಮ ಬ್ಯಾಂಡಿನ ಅಭ್ಯಾಸದ ಕೋಣೆಯಲ್ಲಿ ಆದದ್ದೆಲ್ಲ ನಿನಗೆ ಗೊತ್ತು. ಆದರೂ ನನ್ನ ಕೈಯಾರೆ ಬರೆದರೇ ನನಗೆ ಸಮಾಧಾನ. ನಾನು ಮಾಡಿಕೊಟ್ಟ ಪೆಡಲನ್ನು ನೀನು ಗಿಟಾರಿಗೂ ಆಂಪ್ಲಿಫೈಯರಿಗೂ ನಡುವೆ ಜೋಡಿಸಿ ಕಾಲಿನಿಂದ ಒತ್ತಿದೆ. ಗುಡುಗಬೇಕಾದ ಗಿಟಾರು ಸತ್ತ ಹಾಗೆ ಸುಮ್ಮನಾಯಿತು. ನಾನು ಪಾಪುವನ್ನು ಸೊಂಟದ ಮೇಲಿಟ್ಟುಕೊಂಡೇ ಬಗ್ಗಿ, ಮುಚ್ಚಳ ತೆಗೆದು, ಒಳಗಿನ ತಂತಿಗಳನ್ನೆಲ್ಲ ನೋಡಿ, ಮತ್ತೆ ಮುಚ್ಚಿ ಹೆಬ್ಬೆರಳಿನಿಂದ ಒತ್ತಿದೆ. ಸದ್ದು ಬಂತು. ನೀನು ತುಳಿದೆ, ಹೋಯಿತು. ನಾನು ಬಿಚ್ಚಿ ಮುಚ್ಚಿ ಒತ್ತಿದೆ, ಬಂತು. ಆಗ ನೀನು ಮೆಲ್ಲಗೆ, ಪೆಟ್ಟಿಗೆಯಲ್ಲೇ ಏನೋ ದೋಷ ಇದೆ ಅಕ್ಕಾ ಅಂದೆ. ಆ ಡ್ರಮ್ಮಿನವನು ಕೋಲು ತಿರುಗಿಸುತ್ತಾ, “ಕುಣಿಯೋಕೆ ಬರದವಳು ನೆಲ ಡೊಂಕು ಅಂದಳಂತೆ” ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕು ಸುಮ್ಮನಿದ್ದಿದ್ದರೂ ಆಗುತ್ತಿತ್ತು. “ಎಮ್ಮೆ ತುಳಿದ ಹಾಗೆ ತುಳಿದರೆ ಯಾವ ಪೆಡಲ್ ತಾನೇ ಉಳಿಯುತ್ತೆ?” ಅಂದುಬಿಟ್ಟೆ.

ಯಾಕೆ ಅಂದೆ ಎಂದು ಸಂಜೆಯಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ. ಪಾಪು ಹುಟ್ಟಿದ ಮೇಲೆ, ಮಗು ಹಾಲು ಕುಡೀತಾ, ಮಲಗ್ತಾ ಅನ್ನುವುದನ್ನು ಬಿಟ್ಟು ಯಾರೂ ನನ್ನನ್ನು ಬೇರೇನೂ ಕೇಳಿಲ್ಲ, ಗುಬ್ಬೀ. ನಿನ್ನೆ ಅಷ್ಟು ಜನ ಹುಡುಗರು ನನ್ನ ಸುತ್ತ ಕುಕ್ಕರಗಾಲಲ್ಲಿ ಕೂತು, ಇದು ಯಾವ ಭಾಗ, ಅದು ಏನು ಮಾಡುತ್ತದೆ ಎಂದು ಕೇಳುತ್ತಿದ್ದರು. ಕಾಲೇಜಿನಲ್ಲಿ ಕಲಿತದ್ದೆಲ್ಲ ಎಲ್ಲೂ ಹೋಗಿಲ್ಲ ಅನ್ನಿಸಿ ಎದೆಯುಬ್ಬಿತ್ತು. ಆ ಹೊತ್ತಿನಲ್ಲಿ ತಪ್ಪು ನನ್ನದಾಗುವುದು ಬೇಡವಾಗಿತ್ತು. ನಿನ್ನ ತಲೆಗೆ ಕಟ್ಟಿದೆ. ಅದೇ ಮಾತು ಹಿಡಿದುಕೊಂಡು ಆ ಡ್ರಮ್ಮಿನವನು, ಗುರುವಾರ ಬೆಳಗಿನ ಕಾರ್ಯಕ್ರಮಕ್ಕೆ ಬೇರೆಯವನು ನುಡಿಸಲಿ, ನೀನು ಕೆಳಗೆ ಕೂತು ಕೇಳು ಅಂದಾಗಲೂ ನಾನು ಪಾಪುವಿನ ಟೋಪಿ ಸರಿಮಾಡುತ್ತಾ ನಿಂತೆ. ನೀನು ನಮ್ಮ ಮನೆವರೆಗೂ ಬಂದು, ಒಳಗೆ ಕಾಲಿಡದೆ, ಚಪ್ಪಲಿ ಗೂಡಿನ ಮೇಲೆ ಪೆಡಲಿಟ್ಟು ಹೋದೆ.

ರಾತ್ರಿ ಪಾಪು ಮಲಗಿದ ಮೇಲೆ ಮತ್ತೆ ಅದನ್ನು ಮನೆಯಲ್ಲಿರುವ ನನ್ನ ಹಳೇ ಆಂಪ್ಲಿಫೈಯರಿಗೆ ಜೋಡಿಸಿಕೊಂಡು ಕೂತೆ. ನಮ್ಮದು ಒಂದೇ ಕೋಣೆ, ಸದ್ದು ಮಾಡುವ ಹಾಗಿಲ್ಲ. ಮೊದಲಿನಿಂದಲೂ ನನ್ನ ಪರೀಕ್ಷೆ ಹೀಗೇ ಕಳ್ಳತನದಲ್ಲಿ ನಡೆದದ್ದು: ಆಂಪ್ಲಿಫೈಯರಿನ ಸದ್ದಿನ ಗುಂಡಿಯನ್ನು ಆದಷ್ಟು ತಗ್ಗಿಸಿ, ಸ್ವಿಚ್ಚಿನ ಟಕ್ ಕೂಡ ಕೇಳದಂತೆ ಬಟ್ಟೆ ಹಾಕಿ, ಹೆಬ್ಬೆರಳಿನಿಂದ ಒತ್ತಿ, ಕಿವಿಯನ್ನು ಸ್ಪೀಕರಿಗೆ ಹಚ್ಚಿ ಕೇಳುವುದು. ಏನೂ ದೋಷ ಸಿಗಲಿಲ್ಲ. ಕೂತಲ್ಲೇ ತೂಕಡಿಸಿದೆ. ಎಚ್ಚರವಾದಾಗ ನಮ್ಮ ಪಾಪು ಸಾಹೇಬರು ಹಾಸಿಗೆಯಿಂದ ತೆವಳಿ ಬಂದು ಆಂಪ್ಲಿಫೈಯರಿನ ಗುಂಡಿಯನ್ನು ಪೂರ್ತಿ ತಿರುಗಿಸಿಬಿಟ್ಟಿದ್ದರು! ಗಿಟಾರಿಲ್ಲದೆ ಪೆಡಲಿನಿಂದ ಬರಿದೇ ಇಳಿಬಿದ್ದಿದ್ದ ತಂತಿ ಗುಂಯ್ ಎಂದು ಕೂಗುತ್ತಿತ್ತು. ಕತ್ತಲಲ್ಲಿ ಅವನತ್ತ ಓಡಿದೆ, ಕಾಲು ಪೆಡಲಿನ ಮೇಲೆ ಬಿತ್ತು, ಸದ್ದು ಕತ್ತರಿಸಿದಂತೆ ನಿಂತಿತು. ಅವನೇ ತಗ್ಗಿಸಿದನೇನೋ ಅಂದುಕೊಂಡರೆ, ಅವನ ಕೈ ಗುಂಡಿಯ ಮೇಲೆ ಹಾಗೇ ಇದೆ, ಮಿಕಿಮಿಕಿ ನೋಡುತ್ತಿದ್ದಾನೆ. ಕಾಲು ತೆಗೆದೆ, ಸದ್ದು ಬರಲಿಲ್ಲ. ಮುಚ್ಚಳ ಎತ್ತಿದೆ. ಬಗ್ಗಿದ್ದ ತಗಡು ಟೊಕ್ ಎಂದು ಮೇಲೆದ್ದಿತು, ಗುಂಯ್ ಎನ್ನುವುದು ವಾಪಸು ಬಂತು.

ಅಷ್ಟೇ ಕಣೇ ವಿಷಯ. ದುಡ್ಡು ಉಳಿಸಲು ಬಿಸ್ಕತ್ತಿನ ಚಪ್ಪಟೆ ಡಬ್ಬಿಯಲ್ಲಿ ಮಾಡಿದೆನಲ್ಲ, ಅದರ ಮುಚ್ಚಳ ತೆಳು. ಮೈಭಾರ ಬಿದ್ದರೆ ಬಗ್ಗಿ ಒಳಗಿನ ಬೆಸುಗೆಯ ಮೊನೆಗಳಿಗೆ ತಾಗುತ್ತದೆ, ಸದ್ದೆಲ್ಲ ತಗಡಿಗಿಳಿದು ಹೋಗುತ್ತದೆ. ನಾನು ನೋಡಲೆಂದು ಬಿಚ್ಚಿದಾಗಲೆಲ್ಲ ನನಗೇ ತಿಳಿಯದೆ ಅದನ್ನು ಸರಿಮಾಡುತ್ತಿದ್ದೆ. ಕಾಲಲ್ಲಿ ತುಳಿಯಲೆಂದೇ ಮಾಡಿದ ಪೆಟ್ಟಿಗೆಯನ್ನು ನಾನು ಒಂದು ದಿನವೂ ತುಳಿದು ನೋಡಿರಲಿಲ್ಲ. ನೆಲ ನಿಜವಾಗಿಯೂ ಡೊಂಕಾಗಿತ್ತು, ಗುಬ್ಬೀ. ಡೊಂಕು ಮಾಡಿದವಳು ನಾನು.

ಪಾಪುವಿನ ಹಾಸಿಗೆಯ ರಬ್ಬರ್ ಶೀಟಿನ ಮೂಲೆ ಕತ್ತರಿಸಿ ಮುಚ್ಚಳದ ಒಳಮೈಗೆ ಅಂಟಿಸಿದ್ದೇನೆ, ತಗಡು ಬಗ್ಗದಂತೆ ಎರಡು ಮರದ ತುಂಡು ಕೊಟ್ಟಿದ್ದೇನೆ. ನಿನ್ನ ಭಾವನನ್ನು ಅಲುಗಾಡಿಸಿ ಎಬ್ಬಿಸಿ, ಬೂಟು ಹಾಕಿಸಿ, ರೀ, ಇದನ್ನು ತುಳಿಯಿರಿ ಅಂದೆ. “ಮದುವೆಯಾದಾಗಿನಿಂದ ತುಳಿಸಿಕೊಂಡೇ ಅಭ್ಯಾಸ, ಈಗ ತುಳಿ ಅಂದರೆ ಹೆಂಗೆ?” ಅಂದರು. ಆದರೂ ಮೈಭಾರವೆಲ್ಲ ಬಿಟ್ಟು ತುಳಿದರು. ಸದ್ದು ನಿಲ್ಲಲಿಲ್ಲ. ಪಾಪು ಕಿರುಚಿ ಅತ್ತ. ಅಳಲಿ ಎಂದು ಇನ್ನೊಂದು ಸಲ ತುಳಿಸಿದೆ.

ಭಾವ ಬಾಗಿಲಲ್ಲಿ ನಿಂತಿದ್ದಾರೆ, ಹೊತ್ತಾಯಿತಂತೆ. ನಿನ್ನ ಕೈಗೂ ಕಾಲಿಗೂ ಒಳ್ಳೆಯದಾಗಲಿ, ಕಂದಾ.

ತಲೆ ಎತ್ತಿ ನಿನ್ನ ಮುಖ ನೋಡಲಾಗದ,
ನಿನ್ನ ಅಕ್ಕ

ಮರೆತಿದ್ದೆ: ಇದನ್ನು ನೀನು ನಿನ್ನ ಬ್ಯಾಂಡಿನವರಿಗೆ ಹೇಳಬೇಡ. ನೀನು ಹೇಳಿದರೆ ಆ ಡ್ರಮ್ಮಿನವನು ಮತ್ತೆ ನೆಲ ಡೊಂಕು ಅನ್ನುತ್ತಾನೆ. ಎಲ್ಲರ ಮುಂದೆ ಅಂದವಳು ನಾನು, ಎಲ್ಲರ ಮುಂದೆ ನಾನೇ ಹೇಳಬೇಕು. ಡ್ರಮ್ಮಿನವನ ನಂಬರು ನನ್ನಲ್ಲಿಲ್ಲ. ನನ್ನ ಜೊತೆ ಮಾತು ಬೇಡವಾದರೆ ನಂಬರು ಹೇಳಿ ಇಟ್ಟುಬಿಡು, ಅವನನ್ನು ಹಾಸಿಗೆಯಿಂದ ಎಬ್ಬಿಸಿ ಎಲ್ಲರನ್ನೂ ಸೇರಿಸುವ ಕೆಲಸ ನನಗಿರಲಿ. ಪಾಪು ಹುಟ್ಟಿದಾಗಿನಿಂದ ಬಾಯಿ ಮುಚ್ಚಿಸಿಟ್ಟಿದ್ದ ಫೋನನ್ನು ಪೂರ್ತಿ ಜೋರು ಮಾಡಿ ಪಾಪುವಿನ ದಿಂಬಿನ ಪಕ್ಕದಲ್ಲೇ ಇಟ್ಟಿದ್ದೇನೆ. ಎದ್ದರೆ ಏಳಲಿ. ಫೋನ್ ಮಾಡು ಗುಬ್ಬೀ, ಬೆಳಕು ಹರಿಯುವ ಮೊದಲು ಮಾಡು.