ಫಿನ್‌ಬಾರ್‌ಗೆ ತಂದ ಮಣ್ಣು

ಅಜ್ಜಿ,

ಇವತ್ತೂ ನಿಜ ಹೇಳದೆ ಉಳಿದೇನೆಂದು ಬೆಳಗಿನಿಂದ ಅಳುಕಿತ್ತು.

ಒಲೆಯ ಮೇಲೆ ಆಲೂಗಡ್ಡೆ ಸೂಪಿದೆ, ಬಿಸಿ ಮಾಡಿಕೊ. ಹಿಂಬಾಗಿಲನ್ನು ನಿನ್ನೆಯಂತೆ ಹಾರುಹೊಡೆದು ಕೂರಬೇಡ.

ಐರ್ಲೆಂಡಿನಿಂದ ಬಂದ ನೆಂಟರನ್ನು ಸ್ಮಶಾನಕ್ಕೆ ಕರೆದೊಯ್ಯುತ್ತಿದ್ದೇನೆ. "ನಮ್ಮ ಚಿಕ್ಕಪ್ಪ ಫಿನ್‌ಬಾರ್‌ನ ಗೋರಿಕಲ್ಲು ತೋರ್ಸು, ಪ್ರಾರ್ಥನೆ ಮಾಡ್ಕೊಂಡು ಹೋಗ್ತಾರೆ. ನಿಂಗ್ಯಾಕೆ ಊರ ಉಸಾಬರಿ?" ಅಂದೆಯಲ್ಲ. ಆದರೆ ಫಿನ್‌ಬಾರ್‌ನ ಮೇಲೆ ಹಾಕಲೆಂದು ಅವರು ಅವನ ತಾಯಿಯ ಗೋರಿಯ ಮಣ್ಣನ್ನು ತಮ್ಮ ಕಾರ್ಕ್ ಊರಿನಿಂದ ಕಟ್ಟಿಕೊಂಡು ಬಂದಿದ್ದಾರೆ. ಅದನ್ನು ಬರಿಯ ಕಲ್ಲಿನ ಬುಡಕ್ಕೆ ಸುರಿಯುವುದನ್ನು ನೋಡುತ್ತ ನಿಲ್ಲಲಾರೆ.

ನೀನು ಮಲಗಿದ್ದಾಗ ಅವರಿಗೆ ಫೋನ್ ಮಾಡಿ ಹೇಳಿಬಿಟ್ಟೆ: "ನಾವು ಹೇಳ್ತಾ ಬಂದ ಹಾಗೆ ಫಿನ್‌ಬಾರ್ ಗಣೀಲಿ ಸತ್ತಿದ್ದಲ್ಲ, ನೇಣು ಹಾಕ್ಕೊಂಡ. ಅದಕ್ಕೇ ಪಾದ್ರಿ ಸ್ಮಶಾನದ ಒಳಗೆ ಜಾಗ ಕೊಡ್ಲಿಲ್ಲ. ಊರಿಗೆ ತೋರ್ಸೋಕೆ ಇಟ್ಟ ಆ ಕಲ್ಲಿನ ಕೆಳಗೆ ಯಾರೂ ಇಲ್ಲ. ಅವನು ಬೇಲಿಯಾಚೆ ಇದಾನೆ."